ಮೂರಕ್ಷರದ ಹಿಂದಿನ ಮನುಷ್ಯ

ನಮ್ಮ ಈ ಶಾಲೆಯ ಪಾಯ ತೋಡಿದವರಲ್ಲಿ ನನ್ನ ತಂದೆಯೂ ಒಬ್ಬರು. ಹಾರೆ, ಗುದ್ದಲಿ, ಮಂಕರಿ, ಇಷ್ಟೇ ಅವರ ಸಲಕರಣೆ. ನಾನು ಇದೇ ಶಾಲೆಯಲ್ಲಿ 1991-92ನೇ ಸಾಲಿನಲ್ಲಿ ಹತ್ತನೇ ತರಗತಿ ಓದಿ ಗಣಿತದಲ್ಲಿ ನಪಾಸಾದವನು. ಈಗ ಎರಡು ಜೆಸಿಬಿಗಳ ಮಾಲೀಕ. ಸುವರ್ಣ ಮಹೋತ್ಸವದ ಸಂಚಿಕೆಗೆ ಲೇಖನ ಕೊಡಬೇಕೆಂದು ಸಮಿತಿಯವರು ಕೇಳಿದಾಗ ನನ್ನ ಕಥೆಗಿಂತ ನನಗೆ ಅನ್ನ ಕೊಟ್ಟ ಆ ಮೂರಕ್ಷರಗಳ ಕಥೆ ಹೇಳುವುದೇ ಸರಿ ಎನಿಸಿತು.

ಹಳದಿ ಬಣ್ಣದ ಅಗೆಯುವ ಯಂತ್ರ ಯಾವ ಕಂಪನಿಯದೇ ಇರಲಿ, ನಮ್ಮ ಜನರಿಗೆ ಅದು ಜೆಸಿಬಿ. ಕೆಲವರ ಬಾಯಲ್ಲಿ ಜೆಸಿಪಿ. ಹದಿನೈದು ವರ್ಷ ಲಿವರ್ ಹಿಡಿದ ಮೇಲೂ ನಾನು ಅದನ್ನು ಯಂತ್ರದ ಹೆಸರೆಂದೇ ತಿಳಿದಿದ್ದೆ. ಆದರೆ ಅದು ಒಬ್ಬ ಮನುಷ್ಯನ ಹೆಸರು: ಜೋಸೆಫ್ ಸಿರಿಲ್ ಬ್ಯಾಮ್‌ಫರ್ಡ್.

ಅವರು ಹುಟ್ಟಿದ್ದು 1916ರ ಜೂನ್ 21ರಂದು, ಇಂಗ್ಲೆಂಡಿನ ಸ್ಟಾಫರ್ಡ್‌ಶೈರ್ ಪ್ರಾಂತ್ಯದ ಯುಟಾಕ್ಸಿಟರ್ ಎಂಬ ಸಣ್ಣ ಪಟ್ಟಣದಲ್ಲಿ. ಮನೆತನಕ್ಕೆ ಸ್ವಂತದ ಕಾರ್ಖಾನೆ ಇತ್ತು. ಅಲ್ಲಿ ಕೃಷಿ ಉಪಕರಣಗಳು ತಯಾರಾಗುತ್ತಿದ್ದವು. ಓದು ಮುಗಿಸಿ ಬೇರೊಂದು ಕಂಪನಿಯ ಕೆಲಸದ ಮೇಲೆ ಆಫ್ರಿಕಕ್ಕೆ ಹೋಗಿಬಂದರು. ಎರಡನೇ ಮಹಾಯುದ್ಧದಲ್ಲಿ ವಾಯುಸೇನೆಯಲ್ಲಿ ದುಡಿದರು. ಯುದ್ಧ ಮುಗಿಯುವ ಹೊತ್ತಿಗೆ ಊರಿಗೆ ಮರಳಿದರೆ, ಇವರಿಂದ ಹೆಚ್ಚೇನೂ ಆಗಲಾರದೆಂದು ಮನೆತನದ ಹಿರಿಯರೇ ತೀರ್ಮಾನಿಸಿ ಕಾರ್ಖಾನೆಯಿಂದ ಹೊರಗೆ ಕಳಿಸಿದರು. ಈ ಸಂಗತಿ ತಿಳಿದ ದಿನ ನನಗೆ ನಮ್ಮ ಶಾಲೆಯ ಫಲಿತಾಂಶದ ಬೋರ್ಡಿನ ಮುಂದೆ ತಲೆ ತಗ್ಗಿಸಿ ನಿಂತದ್ದು ನೆನಪಾಯಿತು.

1945ರ ಅಕ್ಟೋಬರ್ 23ರಂದು ಬ್ಯಾಮ್‌ಫರ್ಡ್ ಅವರಿಗೆ ಗಂಡುಮಗು ಹುಟ್ಟಿತು. ಅದೇ ದಿನ ಅವರು ಸ್ವಂತ ಕೆಲಸ ಆರಂಭಿಸಿದರು. ವಾರಕ್ಕೆ 30 ಶಿಲಿಂಗ್ ಬಾಡಿಗೆಯ ಒಂದು ಗ್ಯಾರೇಜು. ಅದರ ಅಳತೆ 12 ಅಡಿ ಅಗಲ, 15 ಅಡಿ ಉದ್ದ. ನಮ್ಮ ತರಗತಿಯ ಕೊಠಡಿಗಿಂತ ಚಿಕ್ಕದು. ಒಂದು ಹಳೆಯ ವೆಲ್ಡಿಂಗ್ ಯಂತ್ರ, ಯುದ್ಧ ಮುಗಿದ ಮೇಲೆ ಉಳಿದ ಗುಜರಿ ಸಾಮಾನು ಹೊಂದಿಸಿಕೊಂಡು ರೈತರಿಗಾಗಿ ಮಣ್ಣು ಗೊಬ್ಬರ ಸುರಿಯುವ ಟ್ರೇಲರ್ ಒಂದನ್ನು ಕಟ್ಟಿದರು. ಸಂತೆಯಲ್ಲಿ ಅದಕ್ಕೆ 90 ಪೌಂಡ್ ಬೆಲೆ ಹೇಳಿದರು. ಸಿಕ್ಕಿದ್ದು 45 ಪೌಂಡ್ ಮತ್ತು ಒಂದು ಹಳೆಯ ಗಾಡಿ. ಆ ಗಾಡಿಯನ್ನು ರಿಪೇರಿ ಮಾಡಿ ಅದನ್ನೂ 45 ಪೌಂಡಿಗೆ ಮಾರಿದರು. ಅಲ್ಲಿಗೆ ಹೇಳಿದ ಬೆಲೆ ಕೈಸೇರಿತು!

1948ರಲ್ಲಿ ಅವರ ಬಳಿ ಇದ್ದವರು ಆರೇ ಜನ. ಆ ವರ್ಷ ಹೈಡ್ರಾಲಿಕ್ ಶಕ್ತಿಯಿಂದ ಮೇಲೇಳುವ ಟ್ರೇಲರ್ ಮಾಡಿದರು. ಇದನ್ನು ಬರೆಯುವಾಗ ನಮ್ಮ ವಿಜ್ಞಾನದ ಮೇಷ್ಟ್ರು ಕಣ್ಣ ಮುಂದೆ ಬರುತ್ತಾರೆ. ಒಂದು ಸಣ್ಣ ಸಿರಿಂಜು, ಒಂದು ದಪ್ಪ ಸಿರಿಂಜು, ನಡುವೆ ರಬ್ಬರ್ ನಳಿಕೆ, ಒಳಗೆ ನೀರು. ಸಣ್ಣದನ್ನು ಬೆರಳಿನಿಂದ ಒತ್ತಿದರೆ ದಪ್ಪದರ ಮೇಲಿಟ್ಟ ಪುಸ್ತಕಗಳ ಕಟ್ಟು ಮೇಲೇಳುತ್ತಿತ್ತು. ಪಾಸ್ಕಲನ ನಿಯಮ ಅಂದು ನನಗೆ ಎರಡು ಅಂಕದ ಪ್ರಶ್ನೆ. ಇಂದು ನನ್ನ ಯಂತ್ರದ ತೋಳು ಕಲ್ಲುಬಂಡೆ ಎತ್ತುವುದು ಅದೇ ನಿಯಮದಿಂದ. ನೀರಿನ ಜಾಗದಲ್ಲಿ ಆಯಿಲ್ ಇದೆ, ಅಷ್ಟೆ.

ಆ ಕಾಲದಲ್ಲಿ ಇಂಗ್ಲೆಂಡಿನ ದೊಡ್ಡ ಅಗೆಯುವ ಯಂತ್ರಗಳು ಉಕ್ಕಿನ ಹಗ್ಗ ಮತ್ತು ರಾಟೆಗಳಿಂದ ನಡೆಯುತ್ತಿದ್ದವು. ಲಿಂಕನ್ ನಗರದ ರಸ್ಟನ್ ಬ್ಯುಸೈರಸ್ ಕಂಪನಿ ಅಂಥವುಗಳಿಗೆ ಹೆಸರಾಗಿತ್ತು. ಬ್ಯಾಮ್‌ಫರ್ಡ್ ಅವರು ಹಗ್ಗ ಬಿಟ್ಟು ಆಯಿಲ್ ಹಿಡಿದರು. 1950ರಲ್ಲಿ ರೊಸೆಸ್ಟರ್ ಎಂಬ ಹಳ್ಳಿಯ ಹಳೆಯ ಚೀಸ್ ಕಾರ್ಖಾನೆಗೆ ಸ್ಥಳಾಂತರಗೊಂಡರು. 1951ರಿಂದ ಯಂತ್ರಗಳಿಗೆ ಹಳದಿ ಬಣ್ಣ ಬಂತು. 1953ರಲ್ಲಿ ಟ್ರ್ಯಾಕ್ಟರಿನ ಹಿಂದೆ ಅಗೆಯುವ ತೋಳು, ಮುಂದೆ ಮಣ್ಣು ತುಂಬುವ ಬಕೆಟ್ ಇರುವ ಯಂತ್ರ ಹೊರಬಂತು. ನಾವು ಇಂದು ಊರೂರಲ್ಲಿ ಕಾಣುವುದು ಅದರ ವಂಶದ ಕುಡಿಯನ್ನೇ.

ದುಡಿಯುವವನ ಕಷ್ಟ ಅವರಿಗೆ ಗೊತ್ತಿತ್ತು. ಚಳಿಯಲ್ಲಿ ಕೂತ ಆಪರೇಟರನಿಗೆ ಚಹಾ ಕಾಯಿಸಿಕೊಳ್ಳಲು ಕ್ಯಾಬಿನ್ನಿನಲ್ಲೇ ಕೆಟಲಿಗೆ ವಿದ್ಯುತ್ ಸಂಪರ್ಕ ಕೊಡಿಸಿದರು. 1964ರಲ್ಲಿ ಹಳೆಯ ಟ್ರೇಲರೊಂದರ ಮೇಲೆ ನಿಂತು ಕಾರ್ಮಿಕರಿಗೆ ಒಟ್ಟು 2,50,000 ಪೌಂಡ್ ಬೋನಸ್ ಹಂಚಿದರು. 1975ರಲ್ಲಿ ಮಗನ ಕೈಗೆ ಕಂಪನಿಯನ್ನು ಒಪ್ಪಿಸಿ ನಿವೃತ್ತರಾದರು. ಅವರು ಕಾರ್ಖಾನೆ ಶುರುಮಾಡಿದ ದಿನವೇ ಹುಟ್ಟಿದ ಮಗ ಇವರೇ. 1979ರಲ್ಲಿ ಎಸ್ಕಾರ್ಟ್ಸ್ ಕಂಪನಿಯ ಜೊತೆಗೂಡಿ ಹರಿಯಾಣದ ಬಲ್ಲಭಗಢದಲ್ಲೂ ಈ ಯಂತ್ರಗಳ ತಯಾರಿಕೆ ಆರಂಭವಾಯಿತು. 2001ರ ಮಾರ್ಚ್ 1ರಂದು, 84ನೇ ವಯಸ್ಸಿನಲ್ಲಿ, ಬ್ಯಾಮ್‌ಫರ್ಡ್ ತೀರಿಕೊಂಡರು. ಅಂದು ನಾನು ಯಾವುದೋ ಕೆರೆಯ ಹೂಳು ಎತ್ತುತ್ತಿದ್ದಿರಬೇಕು. ಸುದ್ದಿ ನನಗೆ ಗೊತ್ತಾಗಲಿಲ್ಲ.

ಒಂದು ಮಾತು ಮುಚ್ಚಿಡಬಾರದು. ಅಗೆಯುವ ಯಂತ್ರಗಳು ಬಂದ ಮೇಲೆ ನನ್ನ ತಂದೆಯವರಿಗೂ ಅವರ ಜೊತೆಗಾರರಿಗೂ ಪಾಯದ ಕೆಲಸ ಸಿಗುವುದು ಕಡಿಮೆಯಾಯಿತು. ನಾನು ಯಂತ್ರದ ಮೇಲೆ ಹೆಲ್ಪರ್ ಆಗಿ ಸೇರಿದಾಗ ಅಪ್ಪ ಬಹಳ ದಿನ ನನ್ನೊಡನೆ ಮಾತಾಡಲಿಲ್ಲ. ಎಷ್ಟೋ ವರ್ಷಗಳ ನಂತರ ಈ ಶಾಲೆಯ ಹೊಸ ಕೊಠಡಿಗಳಿಗೆ ನಾನೇ ಪಾಯ ತೆಗೆಯಲು ಬಂದೆ. ಬಾಡಿಗೆ ಪಡೆಯಲಿಲ್ಲ. ಅಪ್ಪ ಬೇವಿನ ಮರದ ಕೆಳಗೆ ಕೂತು ನೋಡುತ್ತಿದ್ದರು. ಯಂತ್ರದ ಬಕೆಟ್ಟಿಗೆ ಪಾಯದ ಮೂಲೆ ಎಂದೂ ನೇರವಾಗಿ ಸಿಗುವುದಿಲ್ಲ. ನಾನು ಇಂಜಿನ್ ಆರಿಸಿದ ಮೇಲೆ ಅವರು ಎದ್ದು ಬಂದರು. ದಾರ ಹಿಡಿಯಲು ನನಗೆ ಸನ್ನೆ ಮಾಡಿ, ಗುದ್ದಲಿ ತೆಗೆದುಕೊಂಡು ನಾಲ್ಕು ಮೂಲೆಗಳನ್ನೂ ನೇರ ಮಾಡಿದರು.

ಆ ಕೊಠಡಿಗಳಲ್ಲಿ ಇಂದು ಓದುತ್ತಿರುವ ಮಕ್ಕಳಿಗೆ ನನ್ನ ಕೋರಿಕೆ ಇಷ್ಟೇ. ಚೆನ್ನಾಗಿ ಓದಿ. ಒಂದು ವಿಷಯದಲ್ಲಿ ನಪಾಸಾದ ಗೆಳೆಯನನ್ನು ಮಾತ್ರ ಕೈಲಾಗದವನೆಂದು ಬಿಟ್ಟುಬಿಡಬೇಡಿ. ನಮ್ಮ ಶಾಲೆ ನೂರು ವರ್ಷ ಬಾಳಲಿ.