ವ್ಯಕ್ತಿ ಪರಿಚಯ: ಮಾನವಶಾಸ್ತ್ರ ಕಲಿಯಲು ಬರ್ಲಿನ್‌ಗೆ ಹೋದ ಇರಾವತಿ ಕರ್ವೆ



ದ್ವಿತೀಯ ಪಿಯುಸಿ ಫಲಿತಾಂಶ ಬಂದ ವಾರದಲ್ಲಿ ನಮ್ಮ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಲ್ಲುವ ಮಕ್ಕಳ ಪ್ರಶ್ನೆಗಳು ಪ್ರತಿ ವರ್ಷವೂ ಹೆಚ್ಚು ಕಡಿಮೆ ಒಂದೇ. ಮುಂದೆ ಏನು ಓದಲಿ? ಅದಕ್ಕೆ ಹಣ ಎಲ್ಲಿಂದ ಬರುತ್ತದೆ? ಹೆಣ್ಣುಮಕ್ಕಳಾದರೆ ಇನ್ನೊಂದು ಪ್ರಶ್ನೆಯೂ ಇರುತ್ತದೆ, ಅಷ್ಟು ದೂರ ಕಳುಹಿಸಲು ಮನೆಯಲ್ಲಿ ಒಪ್ಪುತ್ತಾರೆಯೇ? ಕಲಾ ವಿಭಾಗದವರಿಗಂತೂ ಇವುಗಳ ಜೊತೆಗೆ, ಇದನ್ನು ಓದಿ ಏನು ಮಾಡುತ್ತೀಯಾ ಎಂಬ ನೆಂಟರಿಷ್ಟರ ಮಾತನ್ನೂ ಕೇಳಬೇಕಾಗುತ್ತದೆ. ಸುಮಾರು ನೂರು ವರ್ಷಗಳ ಹಿಂದೆ ಈ ಪ್ರಶ್ನೆಗಳನ್ನೆಲ್ಲ ಎದುರಿಸಿ, ನಮ್ಮ ದೇಶದಲ್ಲಿ ಹೆಚ್ಚಿನವರು ಹೆಸರೇ ಕೇಳಿರದ ಮಾನವಶಾಸ್ತ್ರ ಎಂಬ ವಿಷಯವನ್ನು ಆರಿಸಿಕೊಂಡ ಮಹಿಳೆಯೊಬ್ಬರನ್ನು ಈ ಸಂಚಿಕೆಯಲ್ಲಿ ಪರಿಚಯಿಸುತ್ತಿದ್ದೇವೆ. ಅವರೇ ಇರಾವತಿ ಕರ್ವೆ.

ಇರಾವತಿ ಹುಟ್ಟಿದ್ದು 1905ರ ಡಿಸೆಂಬರ್ 15ರಂದು, ಬರ್ಮಾ ದೇಶದಲ್ಲಿ. ತಂದೆ ಗಣೇಶ ಹರಿ ಕರ್ಮರ್ಕರ್ ಅಲ್ಲಿ ಹತ್ತಿ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದರು. ಆ ದೇಶದ ದೊಡ್ಡ ನದಿ ಇರಾವತಿಯ ಹೆಸರನ್ನೇ ಮಗಳಿಗೆ ಇಟ್ಟರು. ಏಳು ವರ್ಷವಾದಾಗ ಮಗುವನ್ನು ಪುಣೆಯ ಹುಜೂರ್‌ಪಾಗಾ ಹೆಣ್ಣುಮಕ್ಕಳ ಶಾಲೆಗೆ ಸೇರಿಸಿ ಅಲ್ಲಿನ ಹಾಸ್ಟೆಲಿನಲ್ಲಿ ಬಿಟ್ಟರು. ಅಷ್ಟು ಚಿಕ್ಕ ವಯಸ್ಸಿನಲ್ಲಿ ಸಮುದ್ರದಾಚೆಯ ಮನೆ ಬಿಟ್ಟು ಬಂದ ಆ ಹುಡುಗಿಗೆ ಸಹಪಾಠಿ ಶಕುಂತಲಾ ಪರಾಂಜಪೆಯ ಸ್ನೇಹವಾಯಿತು. ಶಕುಂತಲಾಳ ತಂದೆ ಆರ್. ಪಿ. ಪರಾಂಜಪೆ ಫರ್ಗ್ಯುಸನ್ ಕಾಲೇಜಿನ ಪ್ರಾಂಶುಪಾಲರು. ಆ ಮನೆಯವರು ಇರಾವತಿಯನ್ನು ತಮ್ಮ ಎರಡನೆಯ ಮಗಳಂತೆ ಬೆಳೆಸಿದರು. ಊಟದ ಹೊತ್ತಿಗೂ ಪುಸ್ತಕಗಳ ಮಾತು ನಡೆಯುತ್ತಿದ್ದ ಮನೆ ಅದು. ಓದಿನ ರುಚಿ ಹತ್ತಿದ್ದು ಅಲ್ಲೇ.

ಫರ್ಗ್ಯುಸನ್ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಓದಿ 1926ರಲ್ಲಿ ಪದವಿ ಪಡೆದರು. ಆಮೇಲೆ ವಿದ್ಯಾರ್ಥಿವೇತನ ಸಿಕ್ಕಿತು. ಬಾಂಬೆ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ವಿಭಾಗ ಕಟ್ಟುತ್ತಿದ್ದ ಜಿ. ಎಸ್. ಘುರ್ಯೆ ಅವರ ಬಳಿ ಸ್ನಾತಕೋತ್ತರ ಅಧ್ಯಯನಕ್ಕೆ ಸೇರಿದರು. ತಮ್ಮದೇ ಸಮುದಾಯವಾದ ಚಿತ್ಪಾವನರ ಬಗ್ಗೆ ಪ್ರಬಂಧ ಬರೆದು 1928ರಲ್ಲಿ ಆ ಪದವಿಯನ್ನೂ ಮುಗಿಸಿದರು. ಇದರ ನಡುವೆ ಮದುವೆಯೂ ಆಗಿತ್ತು. ಪತಿ ದಿನಕರ ಕರ್ವೆ ರಸಾಯನಶಾಸ್ತ್ರದ ಅಧ್ಯಾಪಕರು. ಮಾವ ಮಹರ್ಷಿ ಧೋಂಡೋ ಕೇಶವ ಕರ್ವೆ. ವಿಧವೆಯರಿಗಾಗಿ ಆಶ್ರಮ ತೆರೆದವರು, 1916ರಲ್ಲಿ ಮಹಿಳಾ ವಿಶ್ವವಿದ್ಯಾಲಯ ಸ್ಥಾಪಿಸಿದವರು, ಮುಂದೆ ಭಾರತ ರತ್ನ ಪಡೆದವರು.

ಇಂಥ ಮನೆಯ ಸೊಸೆಗೆ ಮುಂದಿನ ಓದಿಗೆ ಯಾವ ಅಡ್ಡಿಯೂ ಇರಲಿಲ್ಲ ಎಂದು ನಾವು ಅಂದುಕೊಳ್ಳಬಹುದು. ನಡೆದದ್ದು ಬೇರೆ. ಡಾಕ್ಟರೇಟ್‌ಗಾಗಿ ಇರಾವತಿ ಜರ್ಮನಿಗೆ ಹೋಗುವ ಮಾತು ಬಂದಾಗ ಮಾವನವರೇ ಒಪ್ಪಲಿಲ್ಲ. ಇಡೀ ಜೀವನವನ್ನು ಹೆಣ್ಣುಮಕ್ಕಳ ಶಿಕ್ಷಣಕ್ಕೆ ಕೊಟ್ಟವರು ಸ್ವಂತ ಸೊಸೆಯ ವಿಷಯದಲ್ಲಿ ಬೇಡ ಎಂದರು. ಆಗ ಜೊತೆಗೆ ನಿಂತವರು ಪತಿ ದಿನಕರ. ಅವರೂ ಜರ್ಮನಿಯಲ್ಲೇ ಓದಿ ಡಾಕ್ಟರೇಟ್ ಪಡೆದವರಾದ್ದರಿಂದ ಅಲ್ಲಿನ ವಿಶ್ವವಿದ್ಯಾಲಯಗಳ ಮಟ್ಟ ಅವರಿಗೆ ತಿಳಿದಿತ್ತು. ಇನ್ನುಳಿದದ್ದು ಹಣದ ಪ್ರಶ್ನೆ. ಕಾಂಗ್ರೆಸ್ಸಿನ ಮುಖಂಡರೂ ವೈದ್ಯರೂ ಆಗಿದ್ದ, ಮುಂದೆ ಗುಜರಾತಿನ ಮೊದಲ ಮುಖ್ಯಮಂತ್ರಿಯಾದ ಜೀವರಾಜ ಮೆಹ್ತಾ ಸಾಲ ಕೊಟ್ಟರು. ಮನೆಯ ಹಿರಿಯರ ಅಸಮಾಧಾನ, ಹೆಗಲ ಮೇಲೆ ಸಾಲ, ಮುಂದೆ ಪರಭಾಷೆಯಲ್ಲಿ ಬರೆಯಬೇಕಾದ ಪ್ರಬಂಧ. ಇಷ್ಟನ್ನು ಹೊತ್ತು ಇರಾವತಿ 1928ರಲ್ಲಿ ಬರ್ಲಿನ್ ತಲುಪಿದರು.

ಅವರು ಸೇರಿದ್ದು ಕೈಸರ್ ವಿಲ್ಹೆಲ್ಮ್ ಮಾನವಶಾಸ್ತ್ರ ಸಂಸ್ಥೆಗೆ. ಅದು ಆರಂಭವಾಗಿ ಒಂದು ವರ್ಷವಷ್ಟೇ ಆಗಿತ್ತು. ಅದರ ನಿರ್ದೇಶಕ ಯೂಜೆನ್ ಫಿಷರ್ ಆಗಿನ ಕಾಲದ ದೊಡ್ಡ ಹೆಸರು. ಮನುಷ್ಯರನ್ನು ಜನಾಂಗಗಳಾಗಿ ವಿಂಗಡಿಸಬಹುದು, ಅವುಗಳಲ್ಲಿ ಮೇಲು ಕೀಳು ಇದೆ, ಅದು ದೇಹದ ಅಳತೆಯಲ್ಲೇ ಕಾಣುತ್ತದೆ ಎಂಬುದು ಆ ಸಂಸ್ಥೆಯಲ್ಲಿ ಬಹುತೇಕ ಎಲ್ಲರೂ ನಂಬಿದ್ದ ವಿಚಾರ. ಫಿಷರ್ ತಮ್ಮ ಭಾರತೀಯ ವಿದ್ಯಾರ್ಥಿನಿಗೆ ಕೊಟ್ಟ ವಿಷಯವೂ ಇದಕ್ಕೆ ಸೇರಿದ್ದೇ. ಮನುಷ್ಯರ ತಲೆಬುರುಡೆಯ ಎಡಭಾಗ ಮತ್ತು ಬಲಭಾಗ ಪೂರ್ತಿ ಸಮನಾಗಿರುವುದಿಲ್ಲ. ಯುರೋಪಿಯನ್ನರಲ್ಲಿ ಈ ವ್ಯತ್ಯಾಸ ಹೆಚ್ಚು, ಅದು ಅವರ ಹೆಚ್ಚಿನ ಬುದ್ಧಿಯ ಗುರುತು ಎಂಬುದು ಗುರುಗಳ ಊಹೆ. ಅಳೆದು ನೋಡುವುದು ಇರಾವತಿಯ ಕೆಲಸ.

ಅವರು 149 ತಲೆಬುರುಡೆಗಳನ್ನು ಒಂದೊಂದಾಗಿ ಅಳೆದರು. ಆ ಬುರುಡೆಗಳಲ್ಲಿ ಕೆಲವು ಆಫ್ರಿಕದ ಜರ್ಮನ್ ವಸಾಹತುಗಳಿಂದ ತಂದವು. ತಮ್ಮ ದೇಶವೂ ಇನ್ನೊಬ್ಬರ ಆಳ್ವಿಕೆಯಲ್ಲಿದ್ದ ಒಬ್ಬ ಹೆಣ್ಣುಮಗಳು ಆ ಮೂಳೆಗಳನ್ನು ಕೈಯಲ್ಲಿ ಹಿಡಿದು ಕುಳಿತ ದೃಶ್ಯವನ್ನು ನೀವೇ ಊಹಿಸಿಕೊಳ್ಳಿ. ಅಳತೆಗಳೆಲ್ಲ ಮುಗಿದಾಗ ಫಲಿತಾಂಶ ಸ್ಪಷ್ಟವಾಗಿತ್ತು. ಎಡಬಲದ ವ್ಯತ್ಯಾಸ ಎಲ್ಲ ಮನುಷ್ಯರಲ್ಲೂ ಇದೆ, ಜನಾಂಗಕ್ಕೂ ಅದಕ್ಕೂ ಸಂಬಂಧವಿಲ್ಲ.

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಪದವಿ ಕೊಡಬೇಕಾದವರು ಅದೇ ಗುರುಗಳು. ಊರಿನಲ್ಲಿ ಸಾಲ ಕಾಯುತ್ತಿದೆ. ಬರಿಗೈಯಲ್ಲಿ ಮರಳಿದರೆ ಹೋಗಬೇಡ ಎಂದವರ ಮಾತೇ ನಿಜವಾಗುತ್ತದೆ. ಅಂಕಿಗಳನ್ನು ತುಸು ಆ ಕಡೆ ಈ ಕಡೆ ಮಾಡಿ ಗುರುಗಳಿಗೆ ಬೇಕಾದ ಉತ್ತರ ಬರೆದಿದ್ದರೆ ಕೇಳುವವರು ಯಾರೂ ಇರಲಿಲ್ಲ. ಇರಾವತಿ ಕಂಡದ್ದನ್ನೇ ಬರೆದರು. ಪ್ರಬಂಧ ಅಂಗೀಕಾರವಾಯಿತು, ಎರಡು ವರ್ಷಗಳ ನಂತರ ಡಾಕ್ಟರೇಟ್ ಪಡೆದು ಪುಣೆಗೆ ಮರಳಿದರು. ಕೆಲವೇ ವರ್ಷಗಳಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. ಫಿಷರ್ ಮತ್ತು ಅವರ ಸಂಸ್ಥೆ ನಾಜಿಗಳ ಜನಾಂಗ ನೀತಿಗೆ ವಿಜ್ಞಾನದ ಮುದ್ರೆ ಒತ್ತಿದರು. ಆ ವಿಚಾರ ಲಕ್ಷಾಂತರ ಜನರ ಪ್ರಾಣ ತೆಗೆಯಿತು. ಅದನ್ನು ನೋಡಿದಾಗ ವಿದ್ಯಾರ್ಥಿನಿಯೊಬ್ಬಳ ಆ ಪ್ರಾಮಾಣಿಕ ಪ್ರಬಂಧದ ಬೆಲೆ ಅರ್ಥವಾಗುತ್ತದೆ.

ಭಾರತಕ್ಕೆ ಬಂದ ಮೇಲೆ ಕೆಲವು ವರ್ಷ ಮಾವನವರು ಸ್ಥಾಪಿಸಿದ ಮಹಿಳಾ ವಿಶ್ವವಿದ್ಯಾಲಯದಲ್ಲೇ ಆಡಳಿತದ ಕೆಲಸ ಮಾಡಿದರು. 1939ರಲ್ಲಿ ಪುಣೆಯ ಡೆಕ್ಕನ್ ಕಾಲೇಜು ಸೇರಿ ಸಮಾಜಶಾಸ್ತ್ರ ಮತ್ತು ಮಾನವಶಾಸ್ತ್ರ ವಿಭಾಗದ ಮುಖ್ಯಸ್ಥರಾದರು, ನಿವೃತ್ತಿಯವರೆಗೂ ಅಲ್ಲೇ ಉಳಿದರು. ಅವರು ಕುರ್ಚಿಯಲ್ಲಿ ಕುಳಿತು ಬರೆಯುವ ವಿದ್ವಾಂಸರಾಗಿರಲಿಲ್ಲ. ಹಳ್ಳಿ, ಕಾಡು, ಸಂತೆ, ಜಾತ್ರೆ ಸುತ್ತಿದರು. ಎಚ್. ಡಿ. ಸಾಂಕಳಿಯಾ ಅವರ ತಂಡದೊಂದಿಗೆ ಗುಜರಾತಿನ ಲಾಂಘಣಜ್‌ನಲ್ಲಿ ಶಿಲಾಯುಗದ ಅಸ್ಥಿಗಳ ಅಧ್ಯಯನ ಮಾಡಿದರು. ಪಂಢರಪುರಕ್ಕೆ ಕಾಲ್ನಡಿಗೆಯಲ್ಲಿ ಹೊರಟ ಯಾತ್ರಿಕರ ಜೊತೆ ತಾವೂ ನಡೆದರು. ಒಂದೇ ದೇವರ ಹೆಸರು ಹೇಳುತ್ತಾ ನಡೆಯುವವರೂ ಜಾತಿಯ ಪ್ರಕಾರ ಬೇರೆ ಬೇರೆ ಅಡುಗೆ ಮಾಡಿ ಬೇರೆ ಬೇರೆ ಉಣ್ಣುವುದನ್ನು ಕಂಡು ನೊಂದು ಬರೆದರು. ಕೊಯ್ನಾ ಅಣೆಕಟ್ಟಿನಿಂದ ಊರು ಕಳೆದುಕೊಂಡವರ ಸ್ಥಿತಿಗತಿಯನ್ನೂ ಸಮೀಕ್ಷೆ ಮಾಡಿದರು. ಪುಣೆಯ ಬೀದಿಗಳಲ್ಲಿ ಸ್ಕೂಟರ್ ಓಡಿಸಿದ ಮೊದಲ ಮಹಿಳೆಯರಲ್ಲಿ ಅವರೂ ಒಬ್ಬರು ಎಂದು ಆ ಊರಿನವರು ಈಗಲೂ ನೆನೆಯುತ್ತಾರೆ.

1953ರಲ್ಲಿ ಪ್ರಕಟವಾದ ಭಾರತದ ಬಂಧುತ್ವ ಪದ್ಧತಿಯ ಕುರಿತ ಅವರ ಗ್ರಂಥ ಇಂದಿಗೂ ಮಾನವಶಾಸ್ತ್ರ ಓದುವವರಿಗೆ ಅಗತ್ಯ. ದೇಶವನ್ನು ಉತ್ತರ, ಮಧ್ಯ, ದಕ್ಷಿಣ, ಪೂರ್ವ ಎಂದು ನಾಲ್ಕು ವಲಯಗಳಾಗಿ ನೋಡಿ, ಎಲ್ಲೆಲ್ಲಿ ಯಾರನ್ನು ಏನೆಂದು ಕರೆಯುತ್ತಾರೆ, ಎಲ್ಲಿ ಹೆಣ್ಣು ತರುತ್ತಾರೆ ಎಂಬುದನ್ನು ಅದರಲ್ಲಿ ವಿವರಿಸಿದ್ದಾರೆ. ಕರ್ನಾಟಕ ದಕ್ಷಿಣ ವಲಯಕ್ಕೆ ಸೇರುತ್ತದೆ. ನಮ್ಮಲ್ಲಿ ಅನೇಕ ಸಮುದಾಯಗಳಲ್ಲಿ ಅತ್ತೆಯ ಮಗ, ಮಾವನ ಮಗಳ ನಡುವೆ ಮದುವೆಯಾಗುತ್ತದೆ, ಗಂಡನ ತಾಯಿಯನ್ನೂ ತಂದೆಯ ತಂಗಿಯನ್ನೂ ಅತ್ತೆ ಎಂದೇ ಕರೆಯುತ್ತೇವೆ. ಉತ್ತರದ ಹಿಂದೂ ಕುಟುಂಬಗಳಲ್ಲಿ ಇಂಥ ಮದುವೆ ಸಾಮಾನ್ಯವಾಗಿ ನಿಷಿದ್ಧ. ಮನೆಯಲ್ಲಿ ದಿನವೂ ಆಡುವ ಸಂಬಂಧದ ಮಾತುಗಳೂ ಅಧ್ಯಯನದ ವಿಷಯವಾಗಬಲ್ಲವು ಎಂಬುದನ್ನು ಆ ಪುಸ್ತಕ ತೋರಿಸಿತು. ಮಹಾಭಾರತದ ಪಾತ್ರಗಳನ್ನು ಮನುಷ್ಯರಂತೆಯೇ ವಿಮರ್ಶಿಸಿದ ಅವರ ಮರಾಠಿ ಕೃತಿ ಯುಗಾಂತಕ್ಕೆ 1968ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಅವರಲ್ಲಿ ಕೊರತೆಗಳೂ ಇದ್ದವು. ಬರ್ಲಿನ್ನಿನಲ್ಲಿ ಜನಾಂಗದ ಮೇಲು ಕೀಳನ್ನು ತಿರಸ್ಕರಿಸಿದವರು ಭಾರತದಲ್ಲಿ ಜಾತಿ, ಬುಡಕಟ್ಟುಗಳ ಮೂಲ ತಿಳಿಯಲು ದೇಹದ ಅಳತೆಗಳನ್ನು ಬಹುಕಾಲ ಮುಂದುವರಿಸಿದರು ಎಂದು ನಂತರದ ವಿದ್ವಾಂಸರು ಟೀಕಿಸಿದ್ದಾರೆ. ದೊಡ್ಡವರ ಜೀವನ ಓದುವಾಗ ಇದನ್ನೂ ತಿಳಿದಿರಬೇಕು. 1970ರ ಆಗಸ್ಟ್ 11ರಂದು ಅವರು ತೀರಿಕೊಂಡರು.

ಇಂದು ಮಾನವಶಾಸ್ತ್ರ ಓದಲು ಸಮುದ್ರ ದಾಟಬೇಕಾಗಿಲ್ಲ. ಯಾವ ವಿಷಯದಲ್ಲಿ ಪದವಿ ಪಡೆದಿದ್ದೀರಿ ಎಂಬುದರ ಮೇಲೆ ಅರ್ಹತೆ ನಿಂತಿರುತ್ತದೆ. ಆದ್ದರಿಂದ ಡಿಗ್ರಿಗೆ ಸೇರುವಾಗಲೇ ಆಯಾ ವಿಶ್ವವಿದ್ಯಾಲಯದ ಪ್ರವೇಶ ಪ್ರಕಟಣೆ ನೋಡಿಕೊಳ್ಳಿ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ, ಮೈಸೂರು ವಿಶ್ವವಿದ್ಯಾಲಯದಲ್ಲಿ ಈ ವಿಭಾಗಗಳಿವೆ. ಹೈದರಾಬಾದ್ ಕೇಂದ್ರೀಯ ವಿಶ್ವವಿದ್ಯಾಲಯದಲ್ಲೂ ಇದೆ. ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣೆಯ ದಕ್ಷಿಣ ಪ್ರಾದೇಶಿಕ ಕೇಂದ್ರ ಮೈಸೂರಿನಲ್ಲಿದೆ. ನಾಗರಿಕ ಸೇವಾ ಪರೀಕ್ಷೆಯ ಐಚ್ಛಿಕ ವಿಷಯಗಳಲ್ಲೂ ಇದು ಒಂದು.

ಅರ್ಜಿ ಹಾಕುವ ಮೊದಲು ಇರಾವತಿಯವರಿಂದ ಕಲಿಯಬೇಕಾದದ್ದು ಇಷ್ಟು. ನಿಮ್ಮನ್ನು ಕಾಡುವ ಒಂದು ಪ್ರಶ್ನೆ ನಿಮ್ಮ ಬಳಿ ಇರಲಿ. ಮನೆಯಲ್ಲಿ ನಿಮ್ಮ ಪರವಾಗಿ ಮಾತನಾಡುವ ಒಬ್ಬರನ್ನಾದರೂ, ಅಪ್ಪನೋ ಅಣ್ಣನೋ ಚಿಕ್ಕಮ್ಮನೋ, ಮೊದಲು ಒಪ್ಪಿಸಿಕೊಳ್ಳಿ. ವಿದ್ಯಾರ್ಥಿವೇತನ ಕೇಳಲು, ಬೇಕಾದರೆ ಸಾಲ ಕೇಳಲು ಸಂಕೋಚ ಬೇಡ. ಸೇರಿದ ಮೇಲೆ, ಎದುರಿಗೆ ಯಾರೇ ಕುಳಿತಿರಲಿ, ಅಳೆದಾಗ ಸಿಕ್ಕ ಉತ್ತರವನ್ನೇ ಬರೆಯಿರಿ.