ಜೀಪಿನ ನಕ್ಷೆ ಬರೆದ ಕಾರ್ಲ್ ಪ್ರಾಬ್ಸ್ಟ್

ನಾಲ್ಕು ಚಕ್ರಗಳಿಗೂ ಎಂಜಿನ್ ಬಲ ಹರಿಸುವ ವಿದ್ಯೆ ಜೀಪಿಗಿಂತ ಹಳೆಯದು. ಆದರೆ ಅದನ್ನು ಹಗುರವಾದ ಪುಟ್ಟ ವಾಹನವೊಂದಕ್ಕೆ ಅಳವಡಿಸಿದ ಕೀರ್ತಿಯಲ್ಲಿ ದೊಡ್ಡ ಪಾಲು ಕಾರ್ಲ್ ಪ್ರಾಬ್ಸ್ಟ್ ಅವರದು. 1883ರಲ್ಲಿ ಅಮೆರಿಕದ ಪಶ್ಚಿಮ ವರ್ಜೀನಿಯಾದಲ್ಲಿ ಜನಿಸಿದ ಅವರು ಡೆಟ್ರಾಯಿಟ್‌ನಲ್ಲಿ ಸ್ವತಂತ್ರ ಎಂಜಿನಿಯರ್ ಆಗಿದ್ದರು.

1940ರ ಬೇಸಿಗೆ. ಫ್ರಾನ್ಸ್ ಪತನವಾಗಿತ್ತು. ಅಮೆರಿಕದ ಸೇನೆ ಲಘು ವಾಹನಕ್ಕಾಗಿ 135 ಕಂಪನಿಗಳಿಗೆ ಪತ್ರ ಬರೆಯಿತು, ಸ್ಪಂದಿಸಿದ್ದು ಎರಡೇ. ಮಾದರಿ ವಾಹನವನ್ನು 49 ದಿನಗಳಲ್ಲಿ ಒಪ್ಪಿಸಬೇಕೆಂಬುದು ಷರತ್ತು. ಪೆನ್ಸಿಲ್ವೇನಿಯಾದ ಬಟ್ಲರ್ ಊರಿನ ಬ್ಯಾಂಟಂ ಕಂಪನಿ ಆಗ ದಿವಾಳಿಯ ಅಂಚಿನಲ್ಲಿತ್ತು. ಮೊದಲು ಹಿಂಜರಿದ ಪ್ರಾಬ್ಸ್ಟ್, ಗುತ್ತಿಗೆ ದೊರೆತರೆ ಮಾತ್ರ ಸಂಭಾವನೆ ಎಂಬ ಕರಾರಿಗೆ ಒಪ್ಪಿ ಜುಲೈ 17ರಂದು ಹೊರಟರು. ಎರಡೇ ದಿನಗಳಲ್ಲಿ ನಕ್ಷೆ ಸಿದ್ಧವಾಯಿತು!

ತೊಡಕಿದ್ದುದು ತೂಕದಲ್ಲಿ. ಸೇನೆ ಕೇಳಿದ್ದು 1,300 ಪೌಂಡ್, ಅಂದರೆ ಸುಮಾರು 590 ಕಿಲೋ. ಅದು ಅಸಾಧ್ಯವೆಂದು ಪ್ರಾಬ್ಸ್ಟ್ ಬಲ್ಲವರಾಗಿದ್ದರು. ಆದರೂ ಟೆಂಡರಿನಲ್ಲಿ ಮಿತಿಯೊಳಗಿನ ಅಂಕಿಯೇ ನಮೂದಾಯಿತು. ನಿಷ್ಠುರವಾಗಿ ಹೇಳುವುದಾದರೆ ಅದು ಸುಳ್ಳು. ಮುಂದಿನ ಚಕ್ರಗಳು ತಿರುಗಲೂಬೇಕು, ಎಳೆಯಲೂಬೇಕು. ಅಂಥ ಅಚ್ಚು ಅಂಗಡಿಯಲ್ಲಿ ದೊರೆಯುವಂತಿರಲಿಲ್ಲ. ಸ್ಟುಡಿಬೇಕರ್ ಕಾರಿನ ಅಚ್ಚನ್ನೇ ಮಾರ್ಪಡಿಸಿ ಕೆಲಸ ಸಾಧಿಸಲಾಯಿತು.

ಸೆಪ್ಟೆಂಬರ್ 23ರಂದು ಪ್ರಾಬ್ಸ್ಟ್ ಮತ್ತು ಕಾರ್ಖಾನೆಯ ಹೆರಾಲ್ಡ್ ಕ್ರಿಸ್ಟ್ ಆ ವಾಹನವನ್ನು ಸ್ವತಃ ಓಡಿಸಿಕೊಂಡು ಬಾಲ್ಟಿಮೋರ್ ಸಮೀಪದ ಹೋಲಾಬರ್ಡ್ ಶಿಬಿರ ತಲುಪಿದಾಗ ಗಡುವಿಗೆ ಅರ್ಧ ಗಂಟೆ ಉಳಿದಿತ್ತು. ತೂಕ 800 ಕಿಲೋ ಮೀರಿತ್ತು. ಪ್ರಾಬ್ಸ್ಟ್ ಅಲ್ಲಿ ನಿಜವನ್ನು ಮರೆಮಾಚಲಿಲ್ಲ. ದೃಢಕಾಯದ ಅಧಿಕಾರಿಯೊಬ್ಬರು ವಾಹನದ ಹಿಂಭಾಗವನ್ನು ಕೈಯಿಂದಲೇ ಎತ್ತಿ ನೋಡಿ ತೃಪ್ತರಾದರೆಂಬ ಕಥೆಯಿದೆ. ಗುಡ್ಡ, ಹಳ್ಳ, ಕೆಸರಿನ ಪರೀಕ್ಷೆಗಳಲ್ಲಿ ವಾಹನ ಗೆದ್ದಿತು.

ಗೆದ್ದ ವಾಹನ ಬ್ಯಾಂಟಂ ಕೈಯಲ್ಲಿ ಉಳಿಯಲಿಲ್ಲ. ಕಾರ್ಖಾನೆ ಚಿಕ್ಕದೆಂಬ ಕಾರಣದಿಂದ ಸೇನೆ ಅದರ ನಕ್ಷೆಗಳನ್ನು ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳಿಗೂ ಒದಗಿಸಿತು. ಯುದ್ಧಕಾಲದಲ್ಲಿ ಅವೆರಡೂ ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದರೆ, ಬ್ಯಾಂಟಂ ತಯಾರಿಸಿದ್ದು ಮೂರು ಸಾವಿರಕ್ಕೂ ಕಡಿಮೆ. ನಂತರ ಅದಕ್ಕೆ ದಕ್ಕಿದ್ದು ಜೀಪಿನ ಹಿಂದೆ ಕಟ್ಟುವ ಟ್ರೇಲರುಗಳ ತಯಾರಿಕೆ!

ಯುದ್ಧಾನಂತರ ಮಹೀಂದ್ರ ಕಂಪನಿ ಮುಂಬಯಿಯಲ್ಲಿ ಜೋಡಿಸಿದ್ದೂ ವಿಲ್ಲಿಸ್ ಜೀಪನ್ನೇ. ಕೊಡಗು, ಮಲೆನಾಡಿನ ಕಾಫಿ ತೋಟಗಳ ಕಡಿದಾದ ಹಾದಿಗಳನ್ನು ಏರಿದ್ದು ಅದೇ ವಂಶದ ವಾಹನಗಳು. ಪ್ರಾಬ್ಸ್ಟ್ 1963ರಲ್ಲಿ ನಿಧನರಾದರು.