ಮೂವರು ರೈಸರು

ನಮ್ಮ ಕಡೆಯ ಹೆಸರುಗಳಲ್ಲಿ ಊರು ಮೊದಲು, ತಂದೆ ಅನಂತರ, ತಾನು ಕಡೆಗೆ. ಇಂಗ್ಲಿಷರ ಪದ್ಧತಿ ಬೇರೆ. ಅವರಲ್ಲಿ ಮನೆತನದ ಹೆಸರೇ ಮುಂದಾಗಿ ನಿಲ್ಲುವುದರಿಂದ, ಅದನ್ನು ಹೊತ್ತವರೆಲ್ಲರೂ ಹೊರಗಿನವರ ಕಣ್ಣಿಗೆ ಒಬ್ಬರೇ ಆಗಿಬಿಡುವುದುಂಟು. ರೈಸ್ ಎಂಬ ಹೆಸರನ್ನೇ ನೋಡಿ. ನಮ್ಮ ಕಿವಿಗೆ ಅದು ಅಕ್ಕಿಯೆಂದೇ ಕೇಳಿಸುತ್ತದೆ. ಆದರೆ ಅಕ್ಕಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ವೇಲ್ಸ್ ನಾಡಿನ ರೀಸ್ ಎಂಬ ಹಳೆಯ ಹೆಸರು ಇಂಗ್ಲಿಷಿನಲ್ಲಿ ಪಡೆದ ರೂಪಗಳಲ್ಲಿ ಅದೂ ಒಂದು. ಅಮೆರಿಕದ ಹ್ಯೂಸ್ಟನ್ನಿನಲ್ಲಿ ಈ ಹೆಸರಿನ ವಿಶ್ವವಿದ್ಯಾಲಯವಿದೆ. ಟಾರ್ಜಾನನ ಕಥೆಗಳನ್ನು ಬರೆದ ಬರೋಸ್ ಮಹಾಶಯನ ಹೆಸರಿನ ನಡುವೆ ಅದು ಕುಳಿತಿದೆ. ಇಂದಿನ ಹುಡುಗರಿಗೆ ರೈಸ್ ಎಂದರೆ ಇಂಗ್ಲೆಂಡಿನ ಕಾಲ್ಚೆಂಡಾಟಗಾರ.

ಕನ್ನಡದವರಿಗೆ ಮಾತ್ರ ರೈಸ್ ಎಂದರೆ ಶಾಸನ. ನಾನು ವೈಟ್‌ಫೀಲ್ಡಿನ ಆಚೆಗಿರುವ ಒಂದು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನು. ಪ್ರತಿವರ್ಷವೂ ಉತ್ತರಪತ್ರಿಕೆಗಳಲ್ಲಿ ಒಬ್ಬ ಅದ್ಭುತ ಪುರುಷನನ್ನು ಕಾಣುತ್ತೇನೆ. ಆತ ಪಾದ್ರಿಯಾಗಿ ಬೆಂಗಳೂರಿಗೆ ಬಂದು, ಶಾಲೆಗಳನ್ನು ತೆರೆದು, ಊರೂರು ತಿರುಗಿ ಶಾಸನಗಳನ್ನು ಸಂಗ್ರಹಿಸಿ, ಕೊನೆಗೆ ಕನ್ನಡ ಸಾಹಿತ್ಯ ಚರಿತ್ರೆಯನ್ನೂ ಬರೆದನಂತೆ. ಅಂಥವನು ಯಾರೂ ಇರಲಿಲ್ಲ. ಇದ್ದವರು ಮೂವರು: ತಂದೆ ಒಬ್ಬರು, ಮಕ್ಕಳು ಇಬ್ಬರು.

ತಂದೆ ಬೆಂಜಮಿನ್ ರೈಸರು ಲಂಡನ್ ಮಿಷನ್ನಿನ ಪಾದ್ರಿಗಳು. 1837ರಲ್ಲಿ ಪತ್ನಿಯೊಡನೆ ಬೆಂಗಳೂರಿಗೆ ಬಂದವರು ಅಲ್ಲಿಂದ ಮುಂದಕ್ಕೆ ಐವತ್ತು ವರ್ಷ ಈ ಊರಿನದೇ ಸೇವೆ ಮಾಡಿ, 1887ರಲ್ಲಿ ತೀರಿಕೊಂಡರು. ಕನ್ನಡ ಶಾಲೆಗಳನ್ನು ನಡೆಸಿದರು. ಕನ್ನಡ ಬೈಬಲಿನ ಪರಿಷ್ಕರಣದಲ್ಲಿ ದುಡಿದರು. ಅವರ ಪತ್ನಿ ಹೆಣ್ಣುಮಕ್ಕಳ ಶಿಕ್ಷಣಕ್ಕೆ ಮೊದಲ ಹೆಜ್ಜೆಯಿಟ್ಟವರಲ್ಲಿ ಒಬ್ಬರು. ಪೇಟೆಯ ಅವೆನ್ಯೂ ರಸ್ತೆಯಲ್ಲಿರುವ ರೈಸ್ ಸ್ಮಾರಕ ದೇವಾಲಯವನ್ನು ಶಾಸನಗಳ ರೈಸರ ಸ್ಮಾರಕವೆಂದು ಎಷ್ಟೋ ಮಂದಿ ತಿಳಿದಿದ್ದಾರೆ. ಅದು ಈ ತಂದೆಯ ಸ್ಮಾರಕ.

ದಂಪತಿಗಳು ಬೆಂಗಳೂರಿಗೆ ಬಂದ ವರ್ಷವೇ, ಜುಲೈ ತಿಂಗಳಿನಲ್ಲಿ, ಇಲ್ಲಿಯೇ ಹುಟ್ಟಿದ ಮಗ ಬೆಂಜಮಿನ್ ಲೂಯಿ ರೈಸ್. ತಂದೆಯ ಹೆಸರೇ ಮಗನಿಗೂ ಬಂದದ್ದು ಮುಂದಿನ ಗೊಂದಲಕ್ಕೆ ಮತ್ತಷ್ಟು ನೆರವಾಯಿತು. ಲೂಯಿ ರೈಸರು ಇಂಗ್ಲೆಂಡಿನಲ್ಲಿ ಓದಿ 1860ರಲ್ಲಿ ಹುಟ್ಟಿದೂರಿಗೆ ಹಿಂದಿರುಗಿದರು. ಬಂದದ್ದು ಪಾದ್ರಿಯಾಗಿ ಅಲ್ಲ, ಮೇಷ್ಟರಾಗಿ. ಮುಂದೆ ಸೆಂಟ್ರಲ್ ಕಾಲೇಜಾಗಿ ಬೆಳೆದ ಹೈಸ್ಕೂಲಿಗೆ ಅವರು ಮುಖ್ಯೋಪಾಧ್ಯಾಯರು. ಐದು ವರ್ಷಗಳ ಮೇಲೆ ಮೈಸೂರು, ಕೊಡಗು ಸೀಮೆಗಳ ಶಾಲಾ ತನಿಖಾಧಿಕಾರಿಗಳಾದರು. ಮುಂದೆ ವಿದ್ಯಾ ಇಲಾಖೆಯ ನಿರ್ದೇಶಕ ಪದವಿಗೇರಿದರು.

ಅವರ ಭಾಗ್ಯವೂ ನಮ್ಮ ಭಾಗ್ಯವೂ ತಿರುಗಿದ್ದು ಈ ತನಿಖೆಯ ಪ್ರಯಾಣಗಳಲ್ಲಿ. ಶಾಲೆಗಳನ್ನು ನೋಡಲು ಹಳ್ಳಿಗೆ ಹೋದವರಿಗೆ ಕೆರೆಯ ಏರಿಯ ಮೇಲೂ ಗುಡಿಯ ಅಂಗಳದಲ್ಲೂ ಹೊಲದ ಬದುವಿನಲ್ಲೂ ಅಕ್ಷರ ಹೊತ್ತ ಕಲ್ಲುಗಳು ಕಾಣಿಸಿದವು. ಮೇಜರ್ ಡಿಕ್ಸನ್ ಎಂಬ ಅಧಿಕಾರಿ ತೆಗೆದಿದ್ದ ಶಾಸನಗಳ ಛಾಯಾಚಿತ್ರಗಳನ್ನು ಓದಿ ಅನುವಾದಿಸುವ ಕೆಲಸವೂ ಅವರ ಪಾಲಿಗೆ ಬಂದು, ಅದರ ಫಲವಾಗಿ 1879ರಲ್ಲಿ ಮೈಸೂರಿನ ಶಾಸನಗಳ ಮೊದಲ ಸಂಪುಟ ಹೊರಬಿದ್ದಿತು. ಅದಕ್ಕೆ ಮುಂಚೆಯೇ ಅವರು ಮೈಸೂರು ಮತ್ತು ಕೊಡಗಿನ ಗೆಜೆಟಿಯರನ್ನು ಬರೆದು ಮುಗಿಸಿದ್ದರು. ಆಮೇಲೆ ಪುರಾತತ್ವ ಸಂಶೋಧನೆಯ ಹೊಣೆ ಅವರದಾಯಿತು. ಮೊದಲು ಇತರ ಕೆಲಸಗಳ ನಡುವೆ, ಅನಂತರ ಅದೊಂದಕ್ಕೇ ಮೀಸಲಾಗಿ, 1906ರಲ್ಲಿ ನಿವೃತ್ತರಾಗುವವರೆಗೂ ಅವರು ಆ ಭಾರವನ್ನು ಹೊತ್ತರು.

ಎಪಿಗ್ರಾಫಿಯ ಕರ್ನಾಟಿಕದ ಹನ್ನೆರಡು ಸಂಪುಟಗಳು 1886ರಿಂದ 1905ರ ಒಳಗೆ ಅಚ್ಚಾದವು. ಅವುಗಳಲ್ಲಿ ಸುಮಾರು 9,000 ಶಾಸನಗಳಿವೆ. ಆ ಕೆಲಸದ ಶ್ರಮವನ್ನು ವಾಚಕರು ಸ್ವಲ್ಪ ಊಹಿಸಿಕೊಳ್ಳಬೇಕು. ಕಲ್ಲನ್ನು ಹುಡುಕಬೇಕು, ಪಾಚಿ ಮಣ್ಣುಗಳನ್ನು ತೊಳೆಯಬೇಕು, ಒದ್ದೆಯ ಕಾಗದವನ್ನು ಹೊದಿಸಿ, ಕುಂಚದಿಂದ ತಟ್ಟಿ, ಮಸಿ ಒತ್ತಿ ಅಚ್ಚು ತೆಗೆಯಬೇಕು. ಆಮೇಲೆ ಓದುವುದು, ಕಾಲ ಗೊತ್ತುಮಾಡುವುದು, ಕನ್ನಡ ಲಿಪಿಯಲ್ಲಿಯೂ ರೋಮನ್ ಲಿಪಿಯಲ್ಲಿಯೂ ಪಾಠವನ್ನು ಕೊಟ್ಟು ಇಂಗ್ಲಿಷಿಗೆ ಅನುವಾದಿಸುವುದು. ಒಬ್ಬರಿಂದ ಆಗುವ ಕೆಲಸವಲ್ಲ ಇದು; ಹಳಗನ್ನಡವನ್ನೂ ಸಂಸ್ಕೃತವನ್ನೂ ಅರಗಿಸಿಕೊಂಡ ನಮ್ಮ ಪಂಡಿತರು ಅವರ ಬೆನ್ನಿಗಿದ್ದರು. ಅವರಲ್ಲಿ ಆರ್. ನರಸಿಂಹಾಚಾರ್ಯರು ರೈಸರ ತರುವಾಯ ಆ ಇಲಾಖೆಯನ್ನು ಮುನ್ನಡೆಸಿದರು.

ಚಿತ್ರದುರ್ಗದ ಸೀಮೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳನ್ನು ಕಂಡುಹಿಡಿದು, ಮೌರ್ಯರ ಆಳ್ವಿಕೆ ನಮ್ಮ ನೆಲದವರೆಗೂ ಹಬ್ಬಿತ್ತೆಂದು ತೋರಿಸಿದವರು ಲೂಯಿ ರೈಸರು. ತಾಳೆಗರಿಯಲ್ಲಿ ಮಲಗಿದ್ದ ಪಂಪಭಾರತವನ್ನು 1898ರಲ್ಲಿ ಅಚ್ಚಿಗೆ ತಂದವರೂ ಅವರೇ. ಅದೇ ವರ್ಷ ಅವರ ಗ್ರಂಥಮಾಲೆಯಲ್ಲಿಯೇ ಕೆ. ಬಿ. ಪಾಠಕರು ಸಂಪಾದಿಸಿದ ಕವಿರಾಜಮಾರ್ಗವೂ ಬೆಳಕು ಕಂಡಿತು. ಕನ್ನಡ ಎಂ.ಎ. ತರಗತಿಯಲ್ಲಿ ಇಂದು ನಾವು ಬಾಯಿಪಾಠವೆಂಬಂತೆ ಹೇಳುವ ಸಂಗತಿಗಳಿಗೆ ಅಡಿಪಾಯ ಬಿದ್ದದ್ದು ಹೀಗೆ. ಅವರ ನಿರ್ಣಯಗಳೆಲ್ಲ ನಿಂತವೆಂದಲ್ಲ. ಗಂಗರ ಹಳೆಯ ತಾಮ್ರಪಟಗಳನ್ನು ಅವರು ನಂಬಿದ್ದನ್ನು ಫ್ಲೀಟರು ಒಪ್ಪದೆ, ಅವು ಕೂಟಶಾಸನಗಳೆಂದು ವಾದಿಸಿದರು. ಅವರ ಅನೇಕ ಪಾಠಗಳನ್ನು ಮುಂದಿನವರು ತಿದ್ದಿದರು. ತಿದ್ದುವುದಕ್ಕೆ ಒಂದು ಪಾಠ ಕೈಯಲ್ಲಿದ್ದದ್ದು ಮಾತ್ರ ಅವರಿಂದ. ನಿವೃತ್ತರಾಗಿ ಇಂಗ್ಲೆಂಡಿಗೆ ಹೋದವರು 1909ರಲ್ಲಿ ಶಾಸನಗಳಿಂದ ತಿಳಿದುಬರುವ ಮೈಸೂರು, ಕೊಡಗುಗಳ ಚರಿತ್ರೆಯನ್ನು ಪ್ರಕಟಿಸಿದರು. 1927ರ ಜುಲೈ ತಿಂಗಳಿನಲ್ಲಿ, ತೊಂಬತ್ತು ತುಂಬಲು ಕೆಲವೇ ದಿನಗಳಿರುವಾಗ, ಹ್ಯಾರೋದಲ್ಲಿ ಕಾಲವಾದರು.

ಮೂರನೆಯವರು ತಮ್ಮ, ಎಡ್ವರ್ಡ್ ರೈಸ್. ತಂದೆಯ ಹಾಗೆ ಪಾದ್ರಿ. ತಂದೆಯ ಜೀವನಚರಿತ್ರೆಯನ್ನು ಬರೆದವರು. ಕನ್ನಡ ಸಾಹಿತ್ಯದ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಸಂಗ್ರಹವಾಗಿ ಬರೆದವರು ಇವರು. ಅದರ ಪರಿಷ್ಕೃತ ಮುದ್ರಣ 1921ರಲ್ಲಿ ಬಂದಿತು. ಅಣ್ಣನ ಶಾಸನಗಳೂ ಸಂಪಾದಿತ ಕಾವ್ಯಗಳೂ ಇಲ್ಲದಿದ್ದರೆ ಆ ಪುಸ್ತಕ ಬಹಳ ಬಡವಾಗುತ್ತಿತ್ತು. ಅಷ್ಟರಮಟ್ಟಿಗೆ ಮಾತ್ರ ಮೂವರನ್ನು ಒಬ್ಬರೆಂದವರ ಮಾತಿನಲ್ಲಿ ಸತ್ಯವಿದೆ.

ಇಷ್ಟೆಲ್ಲವನ್ನು ಬಿಡಿಸಿ ಹೇಳುವುದು ಪರೀಕ್ಷೆಯ ಅಂಕಗಳಿಗಾಗಿ ಅಲ್ಲ. ನಾನು ಇರುವ ಈ ಸೀಮೆ ಇನ್ನೊಬ್ಬ ಇಂಗ್ಲಿಷ್ ಹೆಸರಿನವರದು. 1882ರಲ್ಲಿ ಮಹಾರಾಜ ಚಾಮರಾಜ ಒಡೆಯರು ಆಂಗ್ಲೋ-ಇಂಡಿಯನ್ ಸಂಘಕ್ಕೆ ಜಮೀನು ಕೊಟ್ಟರು. ಸಂಘದ ಮುಖಂಡ ವೈಟರ ಹೆಸರು ನೆಲಕ್ಕೆ ಅಂಟಿಕೊಂಡಿತು. ದಿನವೂ ಲಕ್ಷಾಂತರ ಜನ ಆ ಹೆಸರನ್ನು ಉಚ್ಚರಿಸುತ್ತಾರೆ. ವೈಟರು ಯಾರೆಂದು ಬಲ್ಲವರು ವಿರಳ. ರೈಸರ ಹೆಸರು ನೆಲಕ್ಕೆ ಅಂಟಲಿಲ್ಲ; ನೆಲದ ಹೆಸರುಗಳು ಅವರ ಪುಸ್ತಕದಲ್ಲಿ ಉಳಿದವು. 1905ರ ಬೆಂಗಳೂರು ಜಿಲ್ಲೆಯ ಸಂಪುಟವನ್ನು ತೆರೆದರೆ ಹೊಸಕೋಟೆ, ಆನೇಕಲ್ಲು, ನೆಲಮಂಗಲಗಳ ಹಳ್ಳಿಗಳು ಸಾಲಾಗಿ ಬರುತ್ತವೆ. ಇಂದಿನ ಎಲೆಕ್ಟ್ರಾನಿಕ್ ಸಿಟಿಗೆ ಹತ್ತಿರದ ಬೇಗೂರಿನ ವೀರಗಲ್ಲು ಅಲ್ಲಿದೆ: ಗಂಗ ಎರೆಯಪ್ಪನಿಗಾಗಿ ಕಾದಿ ಸತ್ತ ನಾಗತ್ತರನ ಕಲ್ಲು ಅದು. ಬೆಂಗಳೂರಿನ ವಸ್ತುಸಂಗ್ರಹಾಲಯಕ್ಕೆ ಸೇರಿದ್ದರಿಂದ ಆ ಕಲ್ಲು ಬದುಕಿತು.

ಎಲ್ಲ ಕಲ್ಲುಗಳಿಗೂ ಅಂಥ ಭಾಗ್ಯವಿಲ್ಲ. ಕೆರೆಗಳು ಬಡಾವಣೆಗಳಾದಾಗ, ಹೊಲಗಳ ಮೇಲೆ ಕಾರ್ಖಾನೆಗಳೂ ಗಾಜಿನ ಕಟ್ಟಡಗಳೂ ಎದ್ದಾಗ, ರೈಸರು ಓದಿದ ಎಷ್ಟೋ ಶಾಸನಗಳು ತಳಪಾಯದ ಕಲ್ಲಾಗಿಯೋ ಪುಡಿಯಾಗಿಯೋ ಮರೆಯಾದವು. ಅವುಗಳ ಮಟ್ಟಿಗೆ ಇಂದು ಸಾಕ್ಷಿ ಹೇಳುವುದು ಆ ಹಳೆಯ ಸಂಪುಟವೊಂದೇ. ಉಳಿದವನ್ನಾದರೂ ಕಾಪಾಡಲು ಆಸಕ್ತರು ಅದನ್ನೇ ಕೈಯಲ್ಲಿ ಹಿಡಿದು ಹಳ್ಳಿಹಳ್ಳಿ ಹುಡುಕುತ್ತಿದ್ದಾರೆ. ಮಿಥಿಕ್ ಸೊಸೈಟಿ 2021ರಿಂದ ಶಾಸನಗಳ ಮೂರು ಆಯಾಮದ ಪ್ರತಿಗಳನ್ನು ಗಣಕದಲ್ಲಿ ಕೂಡಿಡುತ್ತ ಬಂದಿದೆ. ಸುಮಾರು ಕ್ರಿ.ಶ. 750ರ ಕಿತ್ತಯ್ಯನ ವೀರಗಲ್ಲು ಹೆಬ್ಬಾಳದಲ್ಲಿ ದೊರೆತದ್ದು 2018ರಲ್ಲಿ, ರೈಸರ ಕಣ್ಣಿಗೆ ಬೀಳದೆ ಉಳಿದು. ನನ್ನ ವಿದ್ಯಾರ್ಥಿಗಳಲ್ಲಿ ಹಲವರು ಆ ಸಂಪುಟದಲ್ಲಿರುವ ಹಳ್ಳಿಗಳಿಂದಲೇ ಬರುತ್ತಾರೆ. ಅವರು ತಮ್ಮ ಊರಿನ ಪುಟವನ್ನು ತೆರೆದು, ಅಲ್ಲಿ ಹೇಳಿರುವ ಕಲ್ಲು ಈಗಲೂ ಇದೆಯೇ ಎಂದು ಒಮ್ಮೆ ಹೋಗಿ ನೋಡಿಬಂದರೆ, ಲೂಯಿ ರೈಸರಿಗೆ ಬೇರೆ ಸ್ಮಾರಕ ಬೇಕಾಗಲಾರದು.